ಡಿಕ್ಕಿಯಲ್ಲಿ ಬೆಂದ ಗೂಡು

ನಡೆಯಿರಿ, ಸೈಕಲ್ ತುಳಿಯಿರಿ ಎಂದು ಹೇಳುವುದಕ್ಕೆ ನಮ್ಮೂರಿಗೆ ಎರಡು ಜೀಪಿನಲ್ಲಿ ಸರ್ಕಾರದ ಜನ ಬಂದಿದ್ದರು. ಪೆಟ್ರೋಲಿನ ಬೆಲೆ ಏರಿದ ಕಾಲ ಅದು, ಎಪ್ಪತ್ತರ ದಶಕ. ನಮ್ಮೂರು ಕೋಲಾರದ ಕಡೆಯ ಕ್ಯಾಲನೂರಿನ ಆಚೆ. ಹತ್ತಿರದ ಊರಿಗೆಲ್ಲ ಕಾರು ತೆಗೆಯಬೇಡಿ, ನಡೆದರೆ ಮೈಗೂ ಒಳ್ಳೆಯದು ದೇಶಕ್ಕೂ ಒಳ್ಳೆಯದು ಎಂದು ಒಬ್ಬರು ಮೈಕು ಹಿಡಿದು ಹೇಳಿದರು. ಕೇಳುತ್ತಿದ್ದವರು ಯಾರು? ಬೆಳಗಿನಿಂದ ತೋಟದಿಂದ ಮನೆಗೆ ಹಿಪ್ಪುನೇರಳೆ ಸೊಪ್ಪು ಹೊತ್ತು ಹೊತ್ತು ಹಿಮ್ಮಡಿ ಒಡೆದುಕೊಂಡ ಹೆಂಗಸರು. ಮಾತು ಮುಗಿಸಿ ಅವರು ಪಕ್ಕದ ಊರಿಗೆ ಜೀಪು ಹತ್ತಿದರು. ಆ ಊರು ನಮ್ಮ ಕೆರೆ ಏರಿ ಮೇಲೆ ನಿಂತರೆ ಕಾಣುತ್ತದೆ.

ಅವತ್ತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನನ್ನ ಮೈದುನ. ಇಡೀ ಊರಿಗೆ ಕಾರು ಇದ್ದವನು ಅವನೊಬ್ಬನೇ. ಬೆಂಗಳೂರಿನಲ್ಲಿ ಯಾರೋ ಓಡಿಸಿ ಸಾಕಾಗಿ ಬಿಟ್ಟ ಹಳೇ ಕಾರು ಅದು. ಹಾಲಿನ ಡೇರಿ ಬೀದಿಯ ತುದಿಯಲ್ಲಿತ್ತು. ಅಲ್ಲಿಗೂ ಅದರಲ್ಲೇ ಹೋಗುತ್ತಿದ್ದ. ಸ್ಟಾರ್ಟ್ ಆಗದ ದಿನ ನಾಲ್ಕು ಜನ ಹಿಂದಿನಿಂದ ತಳ್ಳಬೇಕು. ಅದು ಗುರ್ ಎನ್ನುವ ಹೊತ್ತಿಗೆ ಡೇರಿಯೇ ಬಂದಿರುತ್ತಿತ್ತು. ತಳ್ಳಿದವರು ನಡೆದು ವಾಪಸು ಬರುತ್ತಿದ್ದರು, ಇವನು ಇಳಿದು ಅಂಗಿ ಸರಿಮಾಡಿಕೊಳ್ಳುತ್ತಿದ್ದ.

ನನ್ನ ಗಂಡನಿಗೆ ಇದ್ದದ್ದು ಸೈಕಲ್. ರೇಷ್ಮೆ ಗೂಡು ಬಿಡಿಸಿದ ಮಾರನೆಯ ದಿನ, ಬೆಳಕು ಹರಿಯುವ ಮೊದಲೇ, ಗೂಡನ್ನು ಸಡಿಲವಾದ ಚೀಲಗಳಲ್ಲಿ ತುಂಬಿ ಕ್ಯಾರಿಯರ್ ಮೇಲೆ ಅಡ್ಡ ಕಟ್ಟಿ ಕೋಲಾರದ ಮಾರ್ಕೆಟ್ಟಿಗೆ ಹೊರಡುತ್ತಿದ್ದ. ಗೂಡಿನೊಳಗೆ ಹುಳು ಜೀವಂತ ಇರುತ್ತದೆ, ಅದಕ್ಕೂ ಉಸಿರು ಬೇಕು. ಸೈಕಲ್ ಮೇಲೆ ದಾರಿಯುದ್ದಕ್ಕೂ ಗಾಳಿಯಾಡುತ್ತದೆ. ಇದನ್ನು ನಮಗೆ ಯಾವ ಮೈಕಿನವರೂ ಹೇಳಿಕೊಟ್ಟಿರಲಿಲ್ಲ.

ಆ ವರ್ಷ ನನಗೆ ಒಂದೇ ಹಟ. ಹುಳುವಿಗೆ ಬೇರೆ ಮನೆ ಕಟ್ಟಬೇಕು. ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದರೆ ಇಡೀ ಮನೆ ಅದರದ್ದೇ, ಹುಳು ಸಾಕುವ ತಟ್ಟೆಗಳ ಮೇಲೆ ತಟ್ಟೆ. ನಾವು ಮಕ್ಕಳನ್ನು ಕಟ್ಟಿಕೊಂಡು ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದೆವು. ಮೂರು ವರ್ಷ ಹಾಗೆ ಮಲಗಿ ನನಗೆ ರೋಸಿ ಹೋಗಿತ್ತು. ಆ ಸಲ ಬೆಳೆ ಚೆನ್ನಾಗಿ ಬಂತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಬಿಡಿಸುವಾಗ ಗೂಡು ಬೆರಳಿಗೆ ಗಟ್ಟಿಯಾಗಿ ತಾಗುತ್ತಿತ್ತು. ಇದೊಂದು ಬೆಳೆ ಸಾಕು, ಗೋಡೆ ಏಳುತ್ತದೆ ಎಂದುಕೊಂಡೆ.

ಮಾರ್ಕೆಟ್ಟಿಗೆ ಹೊರಡುವ ಹಿಂದಿನ ಸಂಜೆ ಮೈದುನ ಬಂದ. ತನ್ನ ಗೂಡು ಇನ್ನೂ ಬಿಡಿಸಿಲ್ಲ, ನಿಮ್ಮದನ್ನು ಕಾರಲ್ಲಿ ಹಾಕಿಕೊಂಡು ಹೋಗೋಣ, ಅಣ್ಣ ಸೈಕಲ್ ತುಳಿದುಕೊಂಡು ಬಂದರೆ ಮಾರ್ಕೆಟ್ಟಿನಲ್ಲಿ ನಮ್ಮ ಮನೆತನಕ್ಕೆ ಏನು ಬೆಲೆ ಎಂದ. ನನ್ನ ಗಂಡ ನನ್ನ ಮುಖ ನೋಡಲಿಲ್ಲ. ತಮ್ಮ ಕರೆದರೆ ಇಲ್ಲ ಎನ್ನಲು ಬಾರದ ಗಂಡಸು. ನಾನೂ ಬರುತ್ತೇನೆ ಎಂದು ಹಟಮಾಡಿ ಬೆಳಗಿನ ಜಾವ ಹಿಂದಿನ ಸೀಟಿನಲ್ಲಿ ಕೂತೆ. ಚೀಲಗಳನ್ನು ಡಿಕ್ಕಿಗೆ ಒತ್ತಿ ತುಂಬಿದರು, ಮುಚ್ಚಳ ಹಾಕಿದರು.

ಸೈಕಲ್ ಆಗಿದ್ದರೆ ನೇರ ಹೋಗುತ್ತಿತ್ತು. ಕಾರು ಹಾಗೆ ಹೋಗುತ್ತದೆಯೇ? ಮೊದಲು ಸ್ಟಾರ್ಟ್ ಆಗುವುದಕ್ಕೇ ಬಿಸಿಲು ಬಂತು. ಆಮೇಲೆ ದಾರಿಯಲ್ಲಿ ಅವನ ಮಾವನ ಊರು ಸಿಕ್ಕಿತು. ಕಾರಿದ್ದವನು ಮಾವನ ಮನೆ ಮುಂದೆ ನಿಲ್ಲಿಸದೆ ಹೋಗುವುದುಂಟೆ? ಕಾಫಿ, ಆಮೇಲೆ ಉಪ್ಪಿಟ್ಟು, ಆಮೇಲೆ ಎಲೆ ಅಡಿಕೆ. ಕಾರು ಬಯಲಿನಲ್ಲಿ ನಿಂತಿತ್ತು. ಮುಟ್ಟಿ ನೋಡಿದೆ, ತಗಡು ಸುಡುತ್ತಿತ್ತು.

"ಡಿಕ್ಕಿ ತೆಗಿಯಪ್ಪ, ಗೂಡು ಬೇಯ್ತಾ ಐತೆ" ಎಂದೆ.

"ತೆಗೆದರೆ ಹುಡುಗರೆಲ್ಲ ಕೈ ಹಾಕ್ತಾರೆ ಅತ್ತಿಗೆ. ಬಣ್ಣ ಹೋಗ್ತದೆ."

"ಬಣ್ಣ ನಿನ್ನ ಕಾರಿಂದು. ಹುಳ ನಂದು."

ಅವನು ನಕ್ಕು, ಲೀಟರಿಗೆ ಕಾರು ಎಷ್ಟು ಮೈಲಿ ಕೊಡುತ್ತದೆ ಎಂದು ಮಾವನಿಗೆ ಹೇಳುವುದಕ್ಕೆ ಹೋದ. ಬೀಗದ ಕೈ ಅವನ ಜೇಬಿನಲ್ಲಿತ್ತು.

ಮಾರ್ಕೆಟ್ಟಿನಲ್ಲಿ ಡಿಕ್ಕಿ ತೆಗೆದಾಗ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಚೀಲದ ಬುಡ ಒದ್ದೆ. ಮೇಲಿನ ಗೂಡು ಬೆಳ್ಳಗೆ ಇತ್ತು, ಕೈ ಹಾಕಿದರೆ ಒಳಗೆಲ್ಲ ಕಂದು ಕಲೆ. ಗೂಡು ಬೇಯಿಸಿ ನೂಲು ತೆಗೆಯುವವನೊಬ್ಬ ಬಂದು ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಆಡಿಸಿದ. ಒಳ್ಳೆ ಗೂಡಾದರೆ ಒಳಗಿನ ಹುಳು ಸದ್ದು ಮಾಡುತ್ತದೆ. ಇದು ಮಾಡಲಿಲ್ಲ.

"ಬೇಯ್ಸೋದು ನಮ್ಮ ಕೆಲ್ಸ ಅಮ್ಮಾ. ನೀವೇ ಬೇಯ್ಸಿ ತಂದ್ಬಿಟ್ರಲ್ಲ" ಎಂದ.

ಸುತ್ತ ಇದ್ದವರೆಲ್ಲ ನಕ್ಕರು. ಸೈಕಲ್ ಮೇಲೆ ತಂದವರ ಗೂಡು ಪಕ್ಕದಲ್ಲೇ ಒದ್ದೆಯಿಲ್ಲದೆ ಬೆಳ್ಳಗೆ ಇತ್ತು. ಕೊನೆಗೆ ನಮ್ಮದು ಕಸದ ಬೆಲೆಗೆ ಹೋಯಿತು. ಮನೆತನದ ಬೆಲೆ ಎಷ್ಟಾಯಿತೆಂದು ಮೈದುನನನ್ನು ಕೇಳಿದೆ. ಅವನು ಹುಳುವಿನ ತಳಿ ಸರಿ ಇಲ್ಲ ಎಂದ. ವಾಪಸು ಬರುವಾಗ ನಾನು ಆ ಕಾರು ಹತ್ತಲಿಲ್ಲ. ಬಸ್ಸು ಸಿಕ್ಕಷ್ಟು ದೂರ ಬಸ್ಸು, ಮಿಕ್ಕಿದ್ದು ನಡೆದೆ. ಗಂಡ ಹಿಂದೆ ಹಿಂದೆ ಬಂದ. ಇನ್ನೊಂದು ಸಲ ನನ್ನ ಗೂಡಿನ ವಿಷಯದಲ್ಲಿ ನಿನ್ನ ತಮ್ಮ ಬಾಯಿ ಹಾಕಿದರೆ ಸೊಪ್ಪು ನೀನೇ ಹೊರು ಎಂದು ಅವನಿಗೆ ದಾರಿಯಲ್ಲೇ ಹೇಳಿದೆ.

ಆಮೇಲಿನ ಬೆಳೆಗೂ ಕೊಟ್ಟಿಗೆಯಲ್ಲೇ ಮಲಗಿದೆವು. ಗೂಡು ಬಿಡಿಸಿದ ಮಾರನೆ ದಿನ, ಕತ್ತಲಿರುವಾಗಲೇ ಸೈಕಲ್ ಮೇಲೆ ಕಟ್ಟಿ, ಗಂಡ ದಿಣ್ಣೆಯಲ್ಲಿ ತಳ್ಳಿದ, ನಾನು ಹಿಂದಿನಿಂದ ಚೀಲ ಹಿಡಿದು ನಡೆದೆ. ದಿಣ್ಣೆ ದಾಟಿದ ಮೇಲೆ ಅವನು ತುಳಿದುಕೊಂಡು ಹೋದ, ನಾನು ಮನೆಗೆ ಬಂದೆ. ಆ ಬೆಳೆಗೆ ಹುಳುವಿನ ಮನೆಯ ಗೋಡೆ ಎದ್ದಿತು, ಮುಂದಿನದಕ್ಕೆ ಹೆಂಚು ಕೂತಿತು.

ಹೆಂಚು ಕೂರಿಸುತ್ತಿದ್ದ ದಿನ ಮೈದುನ ಬಂದು ನಿಂತ. ಅವನ ಎರಡು ಬೆಳೆ ಡಿಕ್ಕಿಯಲ್ಲೇ ಬೆಂದು ಹೋಗಿದ್ದವು.

"ಅತ್ತಿಗೆ, ಈ ಸಲ ನಂದೂ ಅಣ್ಣನ ಸೈಕಲ್ ಮೇಲೆ ಹಾಕಿ."

"ಅದು ನಮ್ಮ ಗೂಡಿಗೇ ಸಾಲದು. ನೀನೊಂದು ಸೈಕಲ್ ತಗೊ."

"ನನಗೆ ತುಳಿಯೋಕ್ ಬರಲ್ಲ."

ನಲವತ್ತು ದಾಟಿದ ಗಂಡಸು ಅದನ್ನು ಹೆಂಚು ಕೂರಿಸುವವರ ಎದುರಿಗೇ ಹೇಳಿದ. ಆಮೇಲೆ ಸೈಕಲ್ ತಂದ. ಕಲಿಯುವಾಗ ಡೇರಿಯ ಮುಂದೆ ಎರಡು ಸಲ ಬಿದ್ದನಂತೆ. ನಾನು ಎತ್ತಲು ಹೋಗಲಿಲ್ಲ, ಒಳಗೆ ಸೊಪ್ಪು ಹಾಕುವ ಹೊತ್ತಾಗಿತ್ತು.