ನಾಗರತ್ನ ಕೇಳಿದ ಕಿಟಕಿ

ನಮ್ಮ ಚಿಕ್ಕಮ್ಮ ನಾಗರತ್ನಳನ್ನು ಹಟಮಾರಿ ಎನ್ನುವವರು ಮಂಡ್ಯದ ಪಕ್ಕದ ಊರು ಹೊಳಲಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರಲ್ಲಿ ಒಬ್ಬರಾದರೂ ಅವಳ ಅಡುಗೆಮನೆಯಲ್ಲಿ ಹತ್ತು ನಿಮಿಷ ನಿಂತವರಲ್ಲ. ನಾನು ನಿಂತಿದ್ದೇನೆ. ಆದ್ದರಿಂದ ಈ ಕಿಟಕಿಯ ಕಥೆಯನ್ನು ನಾನೇ ಹೇಳುವುದು ನ್ಯಾಯ.

ಅವಳು ಹುಟ್ಟಿದ್ದು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ. ಹತ್ತೊಂಬತ್ತಕ್ಕೆ ಸಿದ್ದರಾಮು ಚಿಕ್ಕಪ್ಪನನ್ನು ಮದುವೆಯಾಗಿ ಹೊಳಲಿಗೆ ಬಂದಳು. ಇಪ್ಪತ್ತಾರು ವರ್ಷದಿಂದ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕೆಲಸ ಮಾಡುತ್ತಿದ್ದಾಳೆ. ಬಿತ್ತನೆಯ ಭತ್ತದಲ್ಲಿ ಬೇರೆ ತಳಿಯ ಒಂದೇ ಒಂದು ಕಾಳು ಸೇರಿದ್ದರೂ ಮೊರದಿಂದ ಹೆಕ್ಕಿ ತೆಗೆಯುತ್ತಾಳೆ. ಅಲ್ಲಿನ ದೊಡ್ಡವರೇ ಅವಳನ್ನು ಕರೆದು "ಇದನ್ನೊಂದ್ಸಲ ನೋಡಮ್ಮ" ಎನ್ನುತ್ತಾರಂತೆ. ಅಂಥ ಕಣ್ಣಿನವಳು ಮನೆಗೆ ಬಂದರೆ ಮಟಮಟ ಮಧ್ಯಾಹ್ನವೂ ಬಲ್ಬು ಹಾಕಿಕೊಂಡು ಅಕ್ಕಿ ಆರಿಸಬೇಕಿತ್ತು.

ಏಕೆಂದರೆ ಆ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಒಲೆಯ ಮುಂದಿನ ಗೋಡೆಯಾಚೆ ಓಣಿ. ಬೇಯುವ ಅನ್ನದ ಮೇಲೆ ದಾರಿಹೋಕರ ಕಣ್ಣು ಬೀಳಬಾರದೆಂದು ಅವಳ ಅತ್ತೆ ಕಾಮಾಕ್ಷಮ್ಮನ ಕಾಲದಲ್ಲೇ ಆ ಗೋಡೆಯನ್ನು ಬಂದೋಬಸ್ತಾಗಿ ಮುಚ್ಚಿ ಕಟ್ಟಿದ್ದರು. ಹಂಚಿನ ಸಂದಿಯಲ್ಲಿ ಹೋದಷ್ಟು ಹೊಗೆ ಹೋಯಿತು, ಮಿಕ್ಕಿದ್ದೆಲ್ಲ ಅವಳ ಎದೆಗೆ. ಸೌದೆ ಹೋಗಿ ಗ್ಯಾಸು ಬಂದರೂ ಸೆಕೆ ಹೋಗಲಿಲ್ಲ, ಘಾಟೂ ಹೋಗಲಿಲ್ಲ. ವಾರಕ್ಕೆರಡು ದಿನ ಉಪ್ಸಾರು, ಅದರ ಖಾರಕ್ಕೆ ಒಣಮೆಣಸಿನಕಾಯಿ ಹುರಿಯಬೇಕು. ಆ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪ ಎದ್ದುಹೋಗಿ ಜಗಲಿಯ ಮೇಲೆ ಕೂರುತ್ತಿದ್ದರು.

ಹೋದ ವರ್ಷ ಮನೆ ರಿಪೇರಿಗೆ ಕೈಹಾಕಿದರು. ಹಂಚು ಹೋಗಿ ಆರ್‌ಸಿಸಿ ಬಂತು. ಅಂದರೆ ಹೊಗೆಗೆ ಇದ್ದ ಒಂದು ಸಂದಿಯೂ ಹೋಯಿತು. ಮುಂದಿನ ಹಾಲ್‌ನ ಎರಡು ಹಳೇ ಮರದ ಕಿಟಕಿಗಳನ್ನು ಬದಲಾಯಿಸಬೇಕೆಂದು ಮದ್ದೂರಿನ ಒಂದು ಅಂಗಡಿಗೆ ಹೊರಟರು. ಮಂಡ್ಯದಲ್ಲಿರುವ ನಾನೂ ಜೊತೆಗೆ ಹೋದೆ. ಅಂಗಡಿಯ ಯತೀಶ್ ಎಂಬ ಹುಡುಗ ಬಿಳಿ ಪ್ಲಾಸ್ಟಿಕ್ ಚೌಕಟ್ಟಿನ ದೊಡ್ಡ ಸ್ಲೈಡಿಂಗ್ ಕಿಟಕಿ ತೋರಿಸಿದ.

"ಗೆದ್ಲು ಇಡಿಯಾಕಿಲ್ಲ, ಬಣ್ಣ ಬೇಕಿಲ್ಲ ಕಣಕ್ಕ. ಒಂದು ಬೆರ್ಳಲ್ಲಿ ತಳ್ಬೋದು."

ಚಿಕ್ಕಮ್ಮ ಎಡಗಡೆ ಗಾಜನ್ನು ಬಲಕ್ಕೆ ತಳ್ಳಿದಳು. ಆಮೇಲೆ ಬಲಗಡೆಯದನ್ನು ಎಡಕ್ಕೆ ತಳ್ಳಿದಳು.

"ಯಾವ್ ಕಡೀಕ್ ತಳ್ಳುದ್ರೂ ಅರ್ಧ ಮುಚ್ಕಂಡೇ ಇರ್ತದಲ್ಲಪ್ಪ."

"ಸ್ಲೈಡಿಂಗು ಅಂದ್ರೆ ಅಂಗೇ ಕಣಕ್ಕ."

"ಆಲ್‌ಗೆ ಇದೇ ಇರ್ಲಿ ಬುಡು. ನನ್ನ ಅಡ್ಗೆಮನೆಗೆ ಪೂರಾ ತೆಗ್ಯೋ ಕಿಟ್ಕಿ ಬೇಕು."

ಯತೀಶ್ ಅವಳಿಗೆ ಉತ್ತರ ಕೊಡದೆ ಚಿಕ್ಕಪ್ಪನ ಮುಖ ನೋಡಿದ. ಚಿಕ್ಕಪ್ಪ "ಅಡ್ಗೆಮನೆಗೆ ಕಿಟ್ಕಿ ಇಲ್ಲ ಕಣಪ್ಪ, ಒಂದು ಎಕ್ಸಾಸ್ಟ್ ಫ್ಯಾನ್ ಕೊಡು" ಎಂದು ಮಾತು ಮುಗಿಸಿಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಾರಣ ಕೇಳಿದಳು. ಇಷ್ಟು ವರ್ಷ ಬೀದಿ ಕಣ್ಣಿನ ಮಾತಾಡುತ್ತಿದ್ದ ಚಿಕ್ಕಪ್ಪ ಈ ಸಲ ಹೊಸ ಕಾರಣವನ್ನೇ ತೆಗೆದರು.

"ನಾಕ್ ಬಾಗ್ಲು, ನಾಕ್ ಕಿಟ್ಕಿ, ಎಂಟಾಯ್ತು. ಇನ್ನೊಂದು ಮಡಗುದ್ರೆ ಒಂಬತ್ತಾಯ್ತದೆ. ಬಾಗ್ಲು ಕಿಟ್ಕಿ ಸೇರಿ ಬೆಸ ಆಗ್ಬಾರ್ದು ಅಂತ ನಿಂಗೊತ್ತಿಲ್ವಾ?"

ನಮ್ಮ ಕಡೆ ಮನೆ ಕಟ್ಟುವವರಿಗೆಲ್ಲ ಈ ಲೆಕ್ಕ ಗೊತ್ತು. ಚಿಕ್ಕಮ್ಮ ಕಿಟಕಿಯಾಚೆ ನೋಡುತ್ತಾ ಕೂತಳು.

ಒಂದು ವಾರಕ್ಕೆ ಹಾಲ್‌ನ ಎರಡು ಕಿಟಕಿ ಕಿತ್ತು, ಅವುಗಳ ಜಾಗಕ್ಕೆ ಒಂದೇ ಅಗಲವಾದ ಸ್ಲೈಡಿಂಗ್ ಕಿಟಕಿ ಕೂರಿಸಿದರು. ಕಿತ್ತ ಕಿಟಕಿಗಳು ಹೊನ್ನೆ ಮರದವು. ಕಬ್ಬಿಣದ ಸರಳು, ಎರಡು ಕದ, ಒಂದಿಷ್ಟೂ ಹುಳ ಹಿಡಿದಿರಲಿಲ್ಲ. ಗುಜರಿಯವನಿಗೆ ಹಾಕಲು ಹೊರಟಿದ್ದ ಚಿಕ್ಕಪ್ಪನನ್ನು ತಡೆದು, ಚಿಕ್ಕಮ್ಮ ಅವುಗಳಲ್ಲಿ ಒಂದನ್ನು ಅಡುಗೆಮನೆಯ ಗೋಡೆಗೆ ಒರಗಿಸಿಟ್ಟಳು.

ಮರುದಿನ ಬೆಳಿಗ್ಗೆ ಗ್ಯಾಸಿನ ಒಲೆ, ಸಿಲಿಂಡರ್ ಎರಡನ್ನೂ ಎಳೆದುತಂದು ಬೀದಿ ಜಗಲಿಯ ಮೇಲೆ ಹೂಡಿದಳು.

"ಏನಮ್ಮಿ ಇದು, ಮಾನ ಕಳೀತಿಯಾ?" ಎಂದರು ಚಿಕ್ಕಪ್ಪ.

"ಬೀದಿ ಕಣ್ಣು ಬೀಳ್ತದೆ ಅಂತಿದ್ರಲ್ಲ, ಪೂರಾ ಬೀಳ್ಲಿ ಅಂತ."

ಎದುರುಮನೆಯ ಮಲ್ಲಿಗಮ್ಮ "ಇವತ್ತೇನ್ ಸಾರು ನಾಗ್ರತ್ನ?" ಎಂದರೆ ಮುಚ್ಚಳ ಎತ್ತಿ ತೋರಿಸುತ್ತಿದ್ದಳು. ಡೈರಿಗೆ ಹಾಲು ಹಾಕಲು ಹೋಗುವವರು ನಿಂತು ನೋಡಿ ಹೋದರು. ಚಿಕ್ಕಪ್ಪ ಬೀದಿಗೆ ಬೆನ್ನು ಹಾಕಿಕೊಂಡು ಉಣ್ಣತೊಡಗಿದರು. ಹೀಗೆ ನಾಲ್ಕು ದಿನ ಕಳೆಯಿತು.

ಐದನೆಯ ದಿನ ಭಾನುವಾರ, ನಾನೂ ಅಲ್ಲಿದ್ದೆ. ಗಾರೆ ಕೆಲಸದ ಕೆಂಪಸಿದ್ದಯ್ಯ ಕೊನೆಯ ಪ್ಲಾಸ್ಟರಿಂಗಿಗೆ ಬಂದ. ಕೆಲಸ ಮುಗಿಸುವ ಮುನ್ನ ಕರಣೆಯಿಂದ ಒಂದೊಂದು ಚೌಕಟ್ಟನ್ನೂ ತಟ್ಟಿ ಎಣಿಸುವುದು ಅವನ ಪದ್ಧತಿ. ಮನೆಯೆಲ್ಲ ಒಂದು ಸುತ್ತು ಬಂದ, ಇನ್ನೊಂದು ಸುತ್ತು ಬಂದ, ಕರಣೆ ಕೆಳಗಿಟ್ಟ.

"ಸಿದ್ದರಾಮಣ್ಣ, ಏಳೇ ಐತಲ್ಲ."

ಎರಡು ಕಿಟಕಿ ಕಿತ್ತು ಒಂದು ಕೂರಿಸಿದರೆ ಒಂದು ಕಡಿಮೆಯಾಗುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಬೆಸದ ಭಯ ಹೇಳಿದ ಯಜಮಾನರೇ ಮನೆಯನ್ನು ಬೆಸ ಮಾಡಿಟ್ಟಿದ್ದರು. ಅವರ ಮುಖ ಒಂದು ಗಳಿಗೆ ಬಿಳಿಚಿತು, ಆಮೇಲೆ ಅರಳಿತು.

"ಅದಕ್ಕೇನಂತೆ, ಅಡ್ಗೆಮನೆಗೊಂದು ಮಡಗುದ್ರೆ ಎಂಟಾಯ್ತದೆ. ನಿಂದೂ ಆಯ್ತಲ್ಲ ನಾಗ್ರತ್ನ."

ಗೆದ್ದೆವೆಂದು ನಾನು ಹಿಗ್ಗಿದೆ. ಚಿಕ್ಕಮ್ಮ ಮುದ್ದೆ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಲೆಕ್ಕ ತುಂಬ್ಸಾಕಾದ್ರೆ ಬಚ್ಚಲಿಗೊಂದು ಮಡಗಿ. ನಂಗ್ ಬ್ಯಾಡ."

ನಾನು ಅವಳ ತೋಳು ಚಿವುಟಿದೆ. ಕೈಗೆ ಬಂದದ್ದನ್ನು ಯಾರಾದರೂ ಹೀಗೆ ಬಿಡುತ್ತಾರೆಯೇ? ಚಿಕ್ಕಪ್ಪ ಹೂಂ ಎಂದುಬಿಟ್ಟಿದ್ದರೆ ಕಿಟಕಿ ಬಚ್ಚಲಿಗೇ ಹೋಗುತ್ತಿತ್ತು. ಅವಳು ನನ್ನ ಕೈ ಕೊಡವಿದಳು.

"ಮೂವತ್ನಾಕು ವರ್ಸದಿಂದ ಕೇಳ್ತಾವ್ನಿ. ನಾನ್ ಕೇಳ್ದಾಗ ಆಗ್ದೇ ಇದ್ದುದ್ದು ಏಳು ಎಂಟಾಗ್ಬೇಕು ಅಂದ ತಕ್ಸಣ ಆಯ್ತದಾ? ನಾಗ್ರತ್ನ ಕೇಳುದ್ಲು ಅಂತ ಮಡ್ಗಾದ್ರೆ ಮಡಗಿ, ಇಲ್ದಿದ್ರೆ ಈ ಜಗ್ಲೀನೇ ನನ್ನ ಅಡ್ಗೆಮನೆ."

ಕೆಂಪಸಿದ್ದಯ್ಯನ ಎದುರಿಗೆ ಈ ಮಾತು ಬಂದದ್ದು ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ.

"ಅಂತಾದ್ದೇನೈತೆ ಆ ಅಡ್ಗೆಮನೇಲಿ? ನಾನೇ ಬೇಯಿಸಿ ತೋರುಸ್ತೀನಿ" ಎಂದು ಒಲೆ, ಸಿಲಿಂಡರ್ ಹೊತ್ತು ಒಳಗಿಟ್ಟರು. ಫ್ಯಾನು ಇನ್ನೂ ಡಬ್ಬಿಯಲ್ಲೇ ಇತ್ತು. ಚಿಕ್ಕಮ್ಮ ಒಂದು ಹಿಡಿ ಒಣಮೆಣಸಿನಕಾಯಿ ಅವರ ಕೈಗೆ ಹಾಕಿದಳು.

"ಉಪ್ಸಾರಿನ ಖಾರ ಒಂದು ಬಾಕಿ ಐತೆ. ಉರ್ಕಂಡ್ ಬನ್ನಿ."

ಹೊರಗೆ ಕೂತ ನಮಗೆ ಮೊದಲು ಬಾಣಲೆಯ ಸದ್ದು ಕೇಳಿಸಿತು. ಆಮೇಲೆ ಒಂದು ಕೆಮ್ಮು, ನಾಲ್ಕು ಸೀನು, ಮತ್ತೆ ಕೆಮ್ಮು. ಚಿಕ್ಕಪ್ಪ ಹೊರಬಂದಾಗ ಕಣ್ಣು ಮೂಗು ಎರಡರಲ್ಲೂ ನೀರು. ಮೆಣಸಿನಕಾಯಿ ಕರಕಲಾಗಿತ್ತು. ನನಗೆ ಖುಷಿಯಾಯಿತು, ಮುಚ್ಚಿಡುವುದೇಕೆ? ಚಿಕ್ಕಮ್ಮ ಮಾತ್ರ ನಗಲಿಲ್ಲ. ಒಂದು ಚೊಂಬು ನೀರು ತಂದುಕೊಟ್ಟು ನಿಂತಳು. ಚಿಕ್ಕಪ್ಪ ಮುಖ ತೊಳೆದು, ಟವೆಲಿನಲ್ಲಿ ಒರೆಸಿಕೊಂಡು, ಜಗಲಿಯ ಮೇಲೆ ಕೂತರು.

ಕೊನೆಗೆ ಕೆಂಪಸಿದ್ದಯ್ಯನೇ ಕೇಳಿದ: "ಬಚ್ಚಲಿಗಾ, ಅಡ್ಗೆಮನೆಗಾ ಅಣ್ಣ? ಎತ್ರ ಏಸು?"

"ಅಡ್ಗೆಮನೆಗೆ. ಅವ್ಳು ಕೇಳವ್ಳೆ, ಅದಕ್ಕೆ" ಎಂದರು ಚಿಕ್ಕಪ್ಪ. ಒಮ್ಮೆ ಕೆಮ್ಮಿದರು. "ಎತ್ರಾನೂ ಅವ್ಳನ್ನೇ ಕೇಳು."

ಚಿಕ್ಕಮ್ಮ ಕೈ ತೊಳೆದುಕೊಂಡು ಒಳಗೆ ಹೋದಳು. ಒಲೆಯ ಮುಂದೆ, ಮೂವತ್ತನಾಲ್ಕು ವರ್ಷ ನಿಂತ ಜಾಗದಲ್ಲೇ ನಿಂತಳು. ಎತ್ತರದ ಹೆಂಗಸಲ್ಲ ಅವಳು. ಎದೆಯ ಮಟ್ಟಕ್ಕೆ ಗೋಡೆಯ ಮೇಲೆ ಅಂಗೈ ಒತ್ತಿ, "ಇಲ್ಲಿಂದ ಸುರು ಮಾಡಿ" ಎಂದಳು.

"ವಾಡಿಕೆ ಇನ್ನೊಂದಡಿ ಮ್ಯಾಲಕ್ಕೆ ಕಣಕ್ಕ. ಇಷ್ಟು ಕೆಳಗಿಟ್ರೆ ಓಣೀಲೋಗೋರೆಲ್ಲ ನಿನ್ನ ನೋಡ್ತಾರೆ."

"ನೋಡ್ಲಿ ಬುಡು. ನಾನೂ ಅವ್ರನ್ನ ನೋಡ್ತೀನಿ."

ಕೆಂಪಸಿದ್ದಯ್ಯ ಅವಳ ಅಂಗೈ ಕೆಳಗೆ ಸೀಮೆಸುಣ್ಣದಲ್ಲಿ ಗೀಟು ಎಳೆದ.