ಮುಗಿಯದ ಹಾಸು

ಟಕ್, ಟಕ್. ಟಿವಿಯಲ್ಲಿ ಟೆನಿಸ್ ಚೆಂಡು, ಮಗ್ಗದಲ್ಲಿ ಲಾಳಿ, ಎರಡರದೂ ಒಂದೇ ರಿದಮ್. ಇಳಕಲ್ಲಿನ ನೇಕಾರ ಈರಪ್ಪಣ್ಣನ ಮನೆಗೆ ಸೀರೆ ಕೇಳಲು ಹೋದರೆ ಅಪ್ಪ-ಮಗನ ಜಗಳ ನಡೆದಿತ್ತು. ಟಿವಿಯಲ್ಲಿ ಬೆನ್ನುನೋವಿನ ಹಳೆಯ ಚಾಂಪಿಯನ್ ಸೋಲುತ್ತಿದ್ದ.

“ಗೆದ್ದ ಕಪ್ ಎಲ್ಲಾ ಮಂದಿ ಮರಿಯೂ ಹಂಗ ಆಡಾಕತ್ತಾನ. ಮರ್ಯಾದಿಲೆ ರಿಟೈರ್ ಆಗಬೇಕ್ರಿ, ನಮ್ಮಪ್ಪನೂ!” ಎಂದ ಮಗ. ಈರಪ್ಪಣ್ಣನಿಗೂ ಬೆನ್ನುನೋವು.

“ಲೇ, ಇವತ್ತ ಅವ ಸೋತರ ನಾನೂ ಮಗ್ಗ ಬಿಡ್ತೇನಿ. ಅಕ್ಕಾರ ಸಾಕ್ಷಿ!”

ನಾನೋ ಆ ಚಾಂಪಿಯನ್ನನ ಡೈ-ಹಾರ್ಡ್ ಫ್ಯಾನ್. ದೇವರಿಗೆ ಕೈ ಮುಗಿದರೂ ಅವನು ಸ್ಟ್ರೇಟ್ ಸೆಟ್ಸ್‌ನಲ್ಲಿ ಸೋತ.

“ಆತು, ಬಿಡ್ತೇನಿ. ಆದ್ರ ಮಗ್ಗಕ್ಕ ಏರಿಸಿದ ಹಾಸು, ಈ ಉದ್ದನ ಎಳಿ, ನೇದು ಮುಗಿಯೂತನಕ ಏಳೂದು ನಮ್ಮ ಪದ್ಧತಿ ಅಲ್ಲ,” ಎಂದ ಈರಪ್ಪಣ್ಣ. ಫೇರ್ ಎನೌಫ್ ಎಂದು ನಾನೇ ತೀರ್ಪು ಕೊಟ್ಟೆ.

ವರ್ಷದ ಮೇಲೆ ಹೋದೆ. ಚಾಂಪಿಯನ್ ರಿಟೈರ್ ಆಗಿದ್ದ, ಈರಪ್ಪಣ್ಣ ಮಾತ್ರ ಮಗ್ಗದಲ್ಲೇ ಇದ್ದ! ಹಾಸು ಮುಗಿಯುವ ಮೊದಲೇ ಅದರ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಕಟ್ಟುತ್ತಿದ್ದ.

“ಫೈನಲ್ ಸೆಟ್ ಇನ್ನೂ ನಡದೈತ್ರಿ ಅಕ್ಕಾರ,” ಎಂದು ಕಣ್ಣು ಮಿಟುಕಿಸಿದ. ಸಾಕ್ಷಿಯಾದ ನಾನು ಮಗನಿಗೆ ಏನೂ ಹೇಳದೆ ಬಂದೆ. ಈರಪ್ಪಣ್ಣನನ್ನು ನಾನು ನೋಡಿದ್ದು ಅದೇ ಕೊನೆ.