ಶರಣಮ್ಮನ ಗಂಡನ ಹೆಸರು

ಸತ್ತವರು ಕಣ್ಣಿಗೆ ಬೀಳುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ವಿಜ್ಞಾನ ಓದಿದವನು, ಈಗಲೂ ಅಂಥದ್ದನ್ನು ನಂಬುವುದಿಲ್ಲ. ಆದರೆ ತೊಂಬತ್ತರ ದಶಕದ ಆ ಸಂಜೆಯ ಮಟ್ಟಿಗೆ ನನ್ನ ನೆನಪನ್ನೂ ಪೂರ್ತಿ ನಂಬಲಾರೆ.

ಆಗ ನಾನು ಡೊಂಬಿವಲಿಯ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದೆ. ಸಮಾಜಸೇವೆಯಲ್ಲಿ ಇಂತಿಷ್ಟು ತಾಸು ದುಡಿದು ಡೈರಿಯಲ್ಲಿ ಬರೆದರೆ ಹತ್ತು ಅಂಕ ಹೆಚ್ಚು. ಸೇವೆ ಮನುಷ್ಯನನ್ನು ಬೆಳೆಸುತ್ತದೆ ಎಂದು ನಮ್ಮ ಸರ್ ಹೇಳುತ್ತಿದ್ದರು. ನಾನು ಅದನ್ನು ನಿಜವಾಗಿಯೂ ನಂಬಿದ್ದೆ. ಕನ್ನಡ ಬರುತ್ತದೆಂದು ನನ್ನನ್ನೂ ಗೆಳೆಯ ಸುಧಾಕರನನ್ನೂ ಮುಂಬ್ರಾ ಗುಡ್ಡದ ಬುಡದ ಗುಡಿಸಲುಗಳಿಗೆ ಕಳಿಸಿದರು. ಅಲ್ಲಿದ್ದವರು ಕಲಬುರ್ಗಿ ಕಡೆಯ ಕೂಲಿಯವರು. ಗುಡಿಸಲುಗಳನ್ನು ಕೀಳುವುದಿತ್ತು, ಫಾರ್ಮ್ ಪೂರ್ತಿ ತುಂಬಿದವರಿಗೆ ಮಾತ್ರ ಬೇರೆ ಜಾಗ. ಆ ಫಾರ್ಮು ತುಂಬಿಕೊಡುವುದೇ ನಮ್ಮ ಸೇವೆ.

ಶರಣಮ್ಮನ ಫಾರ್ಮ್ ಒಂದು ಕಡೆ ನಿಂತುಬಿಟ್ಟಿತು. ಊರಿಗೆ ಹೋಗಿದ್ದ ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗಿಟ್ಟು ನಕ್ಕಳು.

“ಗಂಡನ ಹೆಸ್ರು ಬಾಯಿಲೆ ಹ್ಯಾಂಗ ಅನ್ಲಿ ತಮ್ಮಾ? ಮಹಾದೇವಿ ಬರ್ಲಿ, ಆಕಿ ಹೇಳ್ತಾಳ.”

ಪಕ್ಕದ ಮನೆಯ ಮಹಾದೇವಿ ಕೆಲಸದಿಂದ ಬರುವುದು ಸಂಜೆಗೆ. ನಮಗೆ ಲೋಕಲ್ ರೈಲು ಹಿಡಿಯುವ ಅವಸರ. ಭಾನುವಾರ ಬರುತ್ತೇವೆಂದು ಹೇಳಿ ಆ ಸಾಲು ಖಾಲಿ ಬಿಟ್ಟೆವು. ಭಾನುವಾರ ನಮ್ಮ ಮನೆಯಲ್ಲಿ ಪೂಜೆಯಿತ್ತು. ಸುಧಾಕರ ತಾನೊಬ್ಬನೇ ಹೋಗಿ ತುಂಬಿಸಿಕೊಂಡು ಬಂದೆ ಎಂದ. ಮರುದಿನ ಫಾರ್ಮುಗಳ ಕಟ್ಟನ್ನು ನಾನೇ ಸರ್ ಕೈಗೆ ಕೊಟ್ಟೆ, ಬಿಚ್ಚಿ ನೋಡಲಿಲ್ಲ.

ತಿಂಗಳ ಮೇಲೆ ಒಂದು ಸಂಜೆ, ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ನೂಕುನುಗ್ಗಲಿನಲ್ಲಿ ಶರಣಮ್ಮ ಎದುರಾದಳು. ನನ್ನ ತೋಳು ಹಿಡಿದಳು.

“ಭೀಮರಾಯ. ಬರ್ಕೋ ತಮ್ಮಾ.”

ಆಕೆಯೇ ಗಂಡನ ಹೆಸರು ಹೇಳಿದ್ದಕ್ಕೆ ನನಗೇ ಮುಜುಗರವಾಯಿತು. ಡೈರಿ ತೆಗೆದು ಬರೆದುಕೊಂಡೆ. ತಲೆ ಎತ್ತಿದಾಗ ಆಕೆ ಇರಲಿಲ್ಲ.

ಸುಧಾಕರ ತುಂಬಿಸಿದ್ದರೆ ಈಗೇಕೆ ಹೇಳಿದಳು ಎಂದು ಮರುದಿನ ಮುಂಬ್ರಾಕ್ಕೆ ಹೋದರೆ ಗುಡಿಸಲುಗಳೇ ಇಲ್ಲ. ಹಳಿಯಾಚೆಯ ಹೊಸ ಜಾಗದಲ್ಲಿ ಮಹಾದೇವಿಯನ್ನು ಹುಡುಕಿದೆ. ಫಾರ್ಮ್ ಅರ್ಧ ಇದೆಯೆಂದು ಶರಣಮ್ಮನಿಗೆ ಜಾಗ ಕೊಡಲಿಲ್ಲವಂತೆ. ಪ್ಲಾಸ್ಟಿಕ್ ಹೊದಿಸಿಕೊಂಡು ಬಯಲಲ್ಲೇ ಇದ್ದಳಂತೆ, ಜ್ವರ ಬಂತಂತೆ, ಮಣ್ಣು ಮಾಡಿ ಎಂಟು ದಿನವಾಯಿತಂತೆ. ಗಂಡನ ಹೆಸರು ಕೇಳಿದೆ. ಭೀಮರಾಯ ಎಂದಳು.

“ನೀವು ಬರ್ತೀರಂತ ಆ ಐತ್ವಾರ ಇಬ್ರೂ ಕೆಲ್ಸ ಬಿಟ್ಟು ಕುಂತಿದ್ವಿ. ಒಬ್ರೂ ಬರ್ಲಿಲ್ಲ.”

ಸುಧಾಕರ ಒಪ್ಪಿಕೊಂಡ. ಅವತ್ತು ಟೀವಿಯಲ್ಲಿ ಕ್ರಿಕೆಟ್ ಇತ್ತಂತೆ. ಹೋಗದ ಆ ಭಾನುವಾರಕ್ಕೆ ಅವನ ಡೈರಿಯಲ್ಲಿ ನಾಲ್ಕು ತಾಸು ಇತ್ತು, ಕೆಳಗೆ ಸರ್ ಸಹಿಯೂ ಇತ್ತು. ಸೇತುವೆಯ ವಿಷಯ ಹೇಳಿದಾಗ ಅವನು ನಗಲೂ ಇಲ್ಲ.

“ನೀನು ಮೊದ್ಲ ದಿನವೇ ಅಲ್ಲಿ ಯಾರ ಹತ್ರವೋ ಕೇಳಿ ಬರ್ಕೊಂಡಿದ್ದಿ ಮಾರಾಯ. ಮರ್ತಿದ್ದಿ, ಅಷ್ಟೆ.”

ಡೈರಿ ಈಗಲೂ ನನ್ನಲ್ಲಿದೆ. ಹೆಸರು ನನ್ನದೇ ಅಕ್ಷರದಲ್ಲಿದೆ, ಪಕ್ಕದಲ್ಲಿ ತಾರೀಕಿಲ್ಲ. ತರ್ಕಕ್ಕೆ ಸುಧಾಕರನ ಮಾತೇ ಸರಿ. ಆದರೆ ಅದು ಸರಿಯಾದರೆ, ಫಾರ್ಮುಗಳ ಕಟ್ಟು ಕೊಡುವಾಗ ಆ ಹೆಸರು ನನ್ನ ಚೀಲದ ಡೈರಿಯಲ್ಲೇ ಇತ್ತು. ಅದಕ್ಕಿಂತ, ಸತ್ತ ಶರಣಮ್ಮ ಸೇತುವೆಗೆ ಬಂದಿದ್ದಳೆಂದು ನಂಬುವುದೇ ಮೇಲು ಎಂದು ಎಷ್ಟೋ ಸಲ ನಂಬಲು ನೋಡಿದ್ದೇನೆ.